ಉಸ್ತಾದರ ಕೈ ಮತ್ತು ಪ್ರಯೋಗಶಾಲೆಯ ಬಾಗಿಲು

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ, ತಾರಿಹಾಳದಲ್ಲಿ, ಹಳೇ ಪೇಟೆಯ ಓಣಿಗಳಲ್ಲಿ ಲೇಥ್ ಯಂತ್ರದ ಮುಂದೆ ನಿಂತು ಬದುಕು ಕಟ್ಟಿಕೊಂಡವರಲ್ಲಿ ನಮ್ಮ ಸಮುದಾಯದವರೂ ಇದ್ದಾರೆ. ನುರಿತ ಉಸ್ತಾದರು ಉಕ್ಕನ್ನು ಕೊರೆಯುವ ಸದ್ದನ್ನು ಆಲಿಸಿಯೇ ಟೂಲಿನ ಮೊನೆ ಸವೆದಿದೆಯೆಂದು ಹೇಳಬಲ್ಲರು. ಸುರುಳಿಯಾಗಿ ಬೀಳುವ ಲೋಹದ ಚೂರಿನ ಬಣ್ಣ ನೋಡಿ ವೇಗ ಮಿತಿಮೀರಿತೆಂದು ತಿಳಿಯಬಲ್ಲರು. ಇಷ್ಟೊಂದು ಬಲ್ಲ ಕೈಗಳ ಬೆಲೆ ಏಕೆ ಕುಗ್ಗುತ್ತಿದೆ ಎಂಬುದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ಫ್ರೆಡರಿಕ್ ಟೇಲರ್ ಎಂಬ ಇಂಜಿನಿಯರ್ 1880ರಲ್ಲಿ ಲೋಹ ಕತ್ತರಿಸುವ ಕ್ರಿಯೆಯ ಮೇಲೆ ಪ್ರಯೋಗಗಳನ್ನು ಆರಂಭಿಸಿದರು. ಅವು 26 ವರ್ಷ ನಡೆದವು. ಯಾವ ವೇಗ, ಎಷ್ಟು ಆಳ, ಎಂತಹ ಮೊನೆ ಎಂಬ ಒಂದೊಂದು ಅಂಶವನ್ನೂ ಅವರು ಅಳೆದು ಬರೆದಿಟ್ಟರು. ಈ ಹಾದಿಯಲ್ಲಿಯೇ ಟೇಲರ್ ಮತ್ತು ಮಾನ್ಸೆಲ್ ವೈಟ್ ರೂಪಿಸಿದ ಹೈಸ್ಪೀಡ್ ಸ್ಟೀಲ್ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಜಗತ್ತನ್ನು ಬೆರಗುಗೊಳಿಸಿತು. ಕೆಂಪಗೆ ಕಾದರೂ ಮೊನೆ ಕೆಡದ ಆ ಉಕ್ಕಿನಿಂದ ಕಾರ್ಖಾನೆಗಳ ವೇಗ ಹಲವು ಪಟ್ಟು ಹೆಚ್ಚಿತು. ಬಳಿಕ 1952ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಪ್ರಯೋಗಶಾಲೆಯು ರಂಧ್ರ ಕೊರೆದ ಕಾಗದದ ಪಟ್ಟಿಯ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಇಂದಿನ ಸಿಎನ್‌ಸಿ ಯಂತ್ರಗಳು ಅದರ ಸಂತತಿ.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಕಾರ್ಮಿಕನ ಕೈಯಲ್ಲಿದ್ದ ಜ್ಞಾನವನ್ನು ಟೇಲರ್ ಲೆಕ್ಕಕ್ಕಿಳಿಸಿದಾಗ ಅದು ಆಡಳಿತದ ಕಚೇರಿಗೆ ಸೇರಿತು. ಗಡಿಯಾರ ಹಿಡಿದು ಕೆಲಸ ಅಳೆಯುವ ಆ ಪದ್ಧತಿಯನ್ನು ಪ್ರತಿಭಟಿಸಿ 1911ರಲ್ಲಿ ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದ ಎರಕದ ಕಾರ್ಮಿಕರು ಮುಷ್ಕರ ಹೂಡಿದರು. ಸಂಶೋಧನೆ ಉತ್ಪಾದನೆಯನ್ನು ಬೆಳೆಸುತ್ತದೆ, ನಿಜ. ಆದರೆ ಅದರ ಲಾಭ ಯಾರಿಗೆ ಎಂಬುದು ಜ್ಞಾನ ಯಾರ ವಶದಲ್ಲಿದೆ ಎಂಬುದನ್ನು ಅವಲಂಬಿಸಿದೆ.

ಈ ಪಾಠ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ರಾಕೆಟ್ಟುಗಳನ್ನು ಮೈಸೂರಿನ ಕುಶಲಕರ್ಮಿಗಳು ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ತಯಾರಿಸಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಅವು ಇಂಗ್ಲೆಂಡಿನ ವುಲ್ವಿಚ್ ಶಸ್ತ್ರಾಗಾರ ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಪರೀಕ್ಷೆಗಳನ್ನು ನಡೆಸಿ ಅದೇ ವಿದ್ಯೆಯನ್ನು ತಿದ್ದಿ ಬೆಳೆಸಿದರು. ರಾಕೆಟ್ಟಿಗೆ ಅವರ ಹೆಸರು ಉಳಿಯಿತು. ಅದನ್ನು ಮೊದಲು ಮಾಡಿದ ಕಮ್ಮಾರರ ಹೆಸರು ಯಾರಿಗೂ ನೆನಪಿಲ್ಲ.

ಸ್ವತಂತ್ರ ಭಾರತ ಈ ಕೊರತೆಯನ್ನು ಅರಿತಿತ್ತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಸ್ಥಾಪನೆಯಾಯಿತು. ಯಂತ್ರ ತಯಾರಿಸಿದರೆ ಸಾಲದು, ಯಂತ್ರವಿದ್ಯೆಯ ಸಂಶೋಧನೆಯೂ ಬೇಕೆಂದು 1962ರಲ್ಲಿ ಚೆಕೊಸ್ಲೊವಾಕಿಯದ ನೆರವಿನೊಂದಿಗೆ ಅಲ್ಲಿಯೇ ಸಿಎಂಟಿಐ ಸಂಸ್ಥೆ ತಲೆಯೆತ್ತಿತು. ಯಂತ್ರ ವಿನ್ಯಾಸ, ಸೂಕ್ಷ್ಮ ಅಳತೆ, ಅತಿ ನಿಖರ ತಯಾರಿಕೆ ಅದರ ಕಾರ್ಯಕ್ಷೇತ್ರ.

ಇಂದು ಧಾರವಾಡಕ್ಕೂ ಅಂತಹ ಅವಕಾಶ ಬಂದಿದೆ. 1947ರಲ್ಲಿ ಆರಂಭವಾದ ಹುಬ್ಬಳ್ಳಿಯ ಬಿವಿಬಿ ಇಂಜಿನಿಯರಿಂಗ್ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. 2016ರಲ್ಲಿ ಐಐಟಿ ಧಾರವಾಡಕ್ಕೆ ಬಂತು. ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಹುಬ್ಬಳ್ಳಿಯಲ್ಲಿಯೇ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದವರು ಅಲ್ಲಿ ಟೂಲ್ ಮತ್ತು ಡೈ ತಯಾರಿಕೆಯ ಡಿಪ್ಲೊಮಾ ಕಲಿಯಬಹುದು.

ಆದರೆ ಹದಿನಾಲ್ಕರ ಹುಡುಗನನ್ನು ಶಾಲೆ ಬಿಡಿಸಿ ವರ್ಕ್‌ಶಾಪಿಗೆ ಕಳುಹಿಸುವ ಮನೆಗಳು ಈಗಲೂ ಇವೆ. ತಂದೆಗೆ ಬರುವ ಹಣದ ಅವಸರವಿರುತ್ತದೆ. ಅವನ ಬಡತನವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಗಣಿತ ಬಿಟ್ಟ ಹುಡುಗ ನಾಳೆ ಸಿಎನ್‌ಸಿ ಯಂತ್ರದ ಮುಂದೆ ನಿಂತರೂ ಬೇರೆಯವರು ಬರೆದ ಪ್ರೋಗ್ರಾಮಿಗೆ ಗುಂಡಿ ಒತ್ತುವವನಾಗಿಯೇ ಉಳಿಯುತ್ತಾನೆ. ಮೂರು-ನಾಲ್ಕು ವರ್ಷದ ಆ ಚಿಕ್ಕ ಸಂಬಳಕ್ಕೆ ಅವನು ತೆರುವುದು ಇಡೀ ಆಯುಷ್ಯದ ದುಡಿಮೆಯನ್ನು.

ಇದಕ್ಕೆ ಪರಿಹಾರ ನಮ್ಮ ಕೈಗೆ ಎಟುಕದ್ದಲ್ಲ. ಮದುವೆಯ ಶಾಮಿಯಾನಕ್ಕೆ ಸುರಿಯುವ ಹಣದಲ್ಲೊಂದು ಪಾಲು ಇಂತಹ ಹುಡುಗರ ಡಿಪ್ಲೊಮಾ ಶುಲ್ಕಕ್ಕೆ ಸಲ್ಲಲಿ. ಮೊಹಲ್ಲಾದ ಜಮಾಅತ್‌ಗಳು ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರದಲ್ಲಿಯೇ ಅವರ ಪಟ್ಟಿ ಮಾಡಲಿ. ವರ್ಕ್‌ಶಾಪಿನ ಮಾಲಕರು ತಮ್ಮ ಸಮಸ್ಯೆಗಳನ್ನು, ಬೇಗ ಸವೆಯುವ ಟೂಲನ್ನು, ಅಳತೆ ತಪ್ಪುವ ಭಾಗವನ್ನು, ಕಾಲೇಜುಗಳ ಮುಂದಿಡಲಿ. ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳು ಅಲ್ಲಿಂದ ಹುಟ್ಟಲಿ. ವಿಶ್ವವಿದ್ಯಾಲಯಗಳಿಗೂ ನಮ್ಮದೊಂದು ಮಾತಿದೆ: ಸಂಶೋಧನೆಯೆಂದರೆ ದೊಡ್ಡ ಕಂಪೆನಿಗಳ ಸೇವೆ ಮಾತ್ರವಲ್ಲ. ನಿಮ್ಮ ಪ್ರಯೋಗಶಾಲೆಯ ಬಾಗಿಲು ಗೋಕುಲ ರಸ್ತೆಯ ಉಸ್ತಾದರಿಗೂ ತೆರೆದಿರಲಿ. ಅವರು ಅಲ್ಲಿಗೆ ಬರಿಗೈಯಲ್ಲಿ ಬರುವವರಲ್ಲ.