ಬೇನೆಗೆ ಮದ್ದು ಕೇಳುವುದು ಅಸಹನೆಯಲ್ಲ

‘ಎರಡನೆಯದಲ್ಲವೇ, ಸಲೀಸಾಗಿ ಆಗುತ್ತದೆ’ ಎಂಬುದು ನಮ್ಮ ಕೊಡಿಗೇನಹಳ್ಳಿಯ ಸುತ್ತಮುತ್ತ ಎರಡನೆಯ ಬಾರಿ ಗರ್ಭಿಣಿಯಾದ ಸೊಸೆಯಂದಿರೆಲ್ಲ ಕೇಳುವ ಮಾತು. ಅದರಲ್ಲಿ ಅರ್ಧ ಸತ್ಯವಿದೆ. ಎರಡನೆಯ ಹೆರಿಗೆ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಕಡಿಮೆ ಹೊತ್ತು ಹಿಡಿಯುತ್ತದೆ. ಆದರೆ ಹೊತ್ತು ಕಡಿಮೆಯಾದ ಮಾತ್ರಕ್ಕೆ ನೋವೂ ಕಡಿಮೆಯಾಗಬೇಕೆಂದಿಲ್ಲ. ಮೊದಲ ಸಲ ಹದಿನೆಂಟು ತಾಸು ನರಳಿದವಳಿಗೆ ‘ಈ ಸಲ ಆರೇ ತಾಸು’ ಎಂದು ಹೇಳಿದರೆ ಅವಳ ಮನಸ್ಸು ಆ ಆರು ತಾಸನ್ನೇ ಎಣಿಸುತ್ತಿರುತ್ತದೆ. ಏನು ಬರಲಿದೆ ಎಂಬುದು ಅವಳಿಗೆ ಗೊತ್ತು.

ನಮ್ಮ ಕಡೆಯ ರೂಢಿಯೊಂದನ್ನು ಇಲ್ಲಿ ಗಮನಿಸಬೇಕು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಎರಡನೆಯದು ಬಹುತೇಕ ಗಂಡನ ಮನೆಯಲ್ಲೇ. ಮೊದಲ ಸಲ ಬೆನ್ನು ನೀವಲು ಹೆತ್ತ ತಾಯಿ ಇದ್ದಳು. ಎರಡನೆಯ ಸಲ ಅತ್ತೆ, ನಾದಿನಿಯರು ಇರುತ್ತಾರೆ. ಅವರು ಎಷ್ಟೇ ಒಳ್ಳೆಯವರಾದರೂ ‘ನನಗೆ ತಾಳಲಾಗುವುದಿಲ್ಲ, ಏನಾದರೂ ಮಾಡಿಸಿ’ ಎಂದು ಬಾಯಿಬಿಟ್ಟು ಹೇಳಲು ಅವಳು ಸಂಕೋಚಪಡುತ್ತಾಳೆ. ಜೊತೆಗೆ ಸೊಂಟದ ಮೇಲೊಂದು ಮಗು. ಆದುದರಿಂದ ಎರಡನೆಯ ಹೆರಿಗೆಯ ನೋವಿನ ವಿಚಾರವನ್ನು ಮಾತನಾಡಬೇಕಾದವರು ಯಾರೆಂದರೆ, ಮೊದಲು ಗಂಡ. ಹೆಚ್ಚಿನ ಮನೆಗಳಲ್ಲಿ ಮಾತನಾಡದವನೂ ಅವನೇ.

ಧರ್ಮ ಬೋಧಿಸುವ ನಮ್ಮಂಥವರಲ್ಲಿಗೆ ಈ ವಿಷಯ ಬರುವುದು ಬೇರೊಂದು ರೂಪದಲ್ಲಿ. ನೋವನ್ನು ಸಹಿಸಿದರೆ ಪ್ರತಿಫಲವಿದೆಯಲ್ಲವೇ, ಮದ್ದು ತೆಗೆದುಕೊಂಡರೆ ಅದು ತಪ್ಪಿಹೋಗದೇ ಎಂದು ಕೇಳುತ್ತಾರೆ. ಮುಳ್ಳು ಚುಚ್ಚಿದರೂ ಅದರಿಂದ ವಿಶ್ವಾಸಿಯ ಪಾಪಗಳು ಅಳಿಯುತ್ತವೆ ಎಂದು ಪ್ರವಾದಿ(ಸ) ತಿಳಿಸಿರುವುದು ನಿಜ. ಹೆರಿಗೆಯಲ್ಲಿ ಪ್ರಾಣ ಬಿಟ್ಟ ಹೆಣ್ಣಿಗೆ ಹುತಾತ್ಮರ ಸ್ಥಾನವಿದೆ ಎಂಬುದೂ ನಿಜ. ಆದರೆ ಮುಳ್ಳು ಚುಚ್ಚಿದಾಗ ಅದನ್ನು ಕೀಳಬಾರದೆಂದು ಯಾವ ವಿದ್ವಾಂಸರೂ ಹೇಳಿಲ್ಲ. ಹುತಾತ್ಮಳಾಗಲೆಂದು ಹೆರುವವಳನ್ನು ಆಸ್ಪತ್ರೆಗೆ ಕರೆದೊಯ್ಯದೆ ಯಾರೂ ಕೂಡುವುದಿಲ್ಲ. ಬಂದೆರಗಿದ ಕಷ್ಟಕ್ಕೆ ಪ್ರತಿಫಲ ಸಿಗುವುದು ಅಲ್ಲಾಹನ ಔದಾರ್ಯ. ತಪ್ಪಿಸಬಹುದಾದ ಕಷ್ಟವನ್ನು ಇನ್ನೊಬ್ಬರ ಮೈಮೇಲೆ ಉಳಿಸುವುದಕ್ಕೆ ಅದನ್ನು ನೆಪ ಮಾಡಬಾರದು.

ಸಹನೆಗೆ ಮಾದರಿ ಯಾರೆಂದು ಕೇಳಿದರೆ ನಮ್ಮ ಮದ್ರಸಾದ ಪುಟ್ಟ ಮಕ್ಕಳೂ ಅಯ್ಯೂಬ್(ಅ)ರ ಹೆಸರು ಹೇಳುತ್ತಾರೆ. ಅಂಥ ಅಯ್ಯೂಬ್(ಅ) ತಮಗೆ ಸಂಕಟ ತಟ್ಟಿದೆಯೆಂದು ಒಡೆಯನನ್ನು ಕೂಗಿ ಕರೆದುದನ್ನು ಕುರ್‌ಆನ್ ಅಲ್‌ಅಂಬಿಯಾ ಅಧ್ಯಾಯದಲ್ಲಿ ಹೇಳುತ್ತದೆ. ಕಾಲಿನಿಂದ ನೆಲವನ್ನು ಒದೆಯಲು ಹೇಳಿ, ತೊಳೆಯಲೂ ಕುಡಿಯಲೂ ತಣ್ಣನೆಯ ನೀರನ್ನು ಅಲ್ಲಾಹನು ಚಿಮ್ಮಿಸಿದ ಸಂಗತಿ ಸ್ವಾದ್ ಅಧ್ಯಾಯದಲ್ಲಿದೆ. ಅದಾದ ಎರಡೇ ವಚನಗಳ ನಂತರ ಅವರನ್ನು ಸಹನಶೀಲರೆಂದು ಹೊಗಳಲಾಗಿದೆ. ಉಪಶಮನ ಬೇಡಿದ್ದರಿಂದ ಅವರ ಸಹನೆಗೆ ಯಾವ ಕುಂದೂ ಬರಲಿಲ್ಲ.

ಇನ್ನು ಮರ್ಯಮ್(ಅ)ರ ಪ್ರಸಂಗ. ಹೆರಿಗೆಯ ಬೇನೆ ಅವರನ್ನು ಖರ್ಜೂರದ ಮರದ ಬುಡಕ್ಕೆ ತಳ್ಳಿತು. ಇದಕ್ಕೆ ಮುಂಚೆಯೇ ಸತ್ತುಹೋಗಿದ್ದರೆ ಚೆನ್ನಾಗಿತ್ತೆಂದು ಅವರು ಉದ್ಗರಿಸಿದರು. ಸ್ತ್ರೀಕುಲದಲ್ಲಿ ಆಯ್ದು ಮೇಲೆತ್ತಲ್ಪಟ್ಟ ಆ ತಾಯಿಯ ಬಾಯಿಂದ ಬಂದ ಈ ಮಾತನ್ನು ಕುರ್‌ಆನ್ ಮರೆಮಾಚಲಿಲ್ಲ, ಅದಕ್ಕಾಗಿ ಗದರಿಸಲೂ ಇಲ್ಲ. ಬಂದ ಉತ್ತರ ದುಃಖಿಸಬೇಡವೆಂಬ ಸಾಂತ್ವನದ್ದು. ಅದರ ಜೊತೆಗೆ ಕಾಲಬುಡದಲ್ಲಿ ಹರಿಯುವ ತೊರೆ, ಕೊಂಬೆಯಿಂದ ಉದುರುವ ಹಣ್ಣು. ನಮ್ಮ ಕೆಲವು ಹೆರಿಗೆ ಕೋಣೆಗಳಲ್ಲಿ ಚೀರುವ ಹೆಣ್ಣಿಗೆ ಬೀಳುವ ಬೈಗುಳವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಾಚಿಕೆಯೆನಿಸುತ್ತದೆ.

ಹೆರಿಗೆಯ ನೋವು ಆದಿಮಾತೆಯ ತಪ್ಪಿಗೆ ವಿಧಿಸಿದ ಶಿಕ್ಷೆ, ಅದನ್ನು ಅನುಭವಿಸಿಯೇ ತೀರಬೇಕು ಎಂಬ ಮಾತು ಕೂಡ ನಮ್ಮಲ್ಲಿ ಅಲ್ಲಲ್ಲಿ ಕೇಳಿಬರುತ್ತದೆ. ಇದು ನಮ್ಮದಲ್ಲ. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಈಥರ್ ಮತ್ತು ಕ್ಲೋರೋಫಾರ್ಮ್ ಬಳಸಿದಾಗ ಈ ವಾದವನ್ನು ಮುಂದಿಟ್ಟು ಆಕ್ಷೇಪಿಸಿದವರಿದ್ದರು. ಅವರಿಗೆ ಅವನು ಬೈಬಲ್ಲಿನಿಂದಲೇ ಉತ್ತರ ಬರೆದ. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಜಾನ್ ಸ್ನೋ ಎಂಬ ವೈದ್ಯನಿಂದ ಕ್ಲೋರೋಫಾರ್ಮ್ ಪಡೆದು ಹೆತ್ತ ಮೇಲೆ ಅಲ್ಲಿನ ಗೊಣಗು ತಗ್ಗಿತು. ಕುರ್‌ಆನಿನ ಪ್ರಕಾರ ಆದಮ್ ಮತ್ತು ಹವ್ವಾ ಇಬ್ಬರೂ ತಪ್ಪಿದರು, ಇಬ್ಬರೂ ಕ್ಷಮೆ ಬೇಡಿದರು. ಹೆಣ್ಣಿನ ಹೆರಿಗೆಗೂ ಆ ತಪ್ಪಿಗೂ ಅದು ಎಲ್ಲಿಯೂ ಗಂಟು ಹಾಕಿಲ್ಲ. ಬದಲಿಗೆ, ತಾಯಿ ಕಷ್ಟದಿಂದ ಹೊತ್ತು ಕಷ್ಟದಿಂದ ಹೆತ್ತಳೆಂದು ನೆನಪಿಸಿ, ಆ ಕಾರಣಕ್ಕೆ ಅವಳೊಂದಿಗೆ ಒಳಿತಿನಿಂದ ವರ್ತಿಸಲು ಮಕ್ಕಳಿಗೆ ಆಜ್ಞಾಪಿಸಿದೆ. ಗರ್ಭಿಣಿಗೆ ರಮಳಾನಿನ ಉಪವಾಸದಲ್ಲೂ ರಿಯಾಯಿತಿ ಕೊಟ್ಟ ಧರ್ಮ ಇದು.

ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲ, ಚಿಕಿತ್ಸೆ ಮಾಡಿಕೊಳ್ಳಿರಿ ಎಂಬ ಪ್ರವಾದಿ(ಸ)ರ ಬೋಧನೆ ಎಲ್ಲರಿಗೂ ಗೊತ್ತು. ಹೆರಿಗೆ ರೋಗವಲ್ಲವಲ್ಲ ಎಂದು ಕೆಲವರು ತರ್ಕಿಸುತ್ತಾರೆ. ಹೆರಿಗೆ ರೋಗವಲ್ಲ, ಸರಿ. ಆದರೆ ನಮ್ಮ ಕನ್ನಡವು ರೋಗಕ್ಕೂ ಹೆರಿಗೆಯ ನೋವಿಗೂ ‘ಬೇನೆ’ ಎಂಬ ಒಂದೇ ಪದವನ್ನಿಟ್ಟುಕೊಂಡಿದೆ. ಹಲ್ಲು ಕೀಳಿಸುವಾಗ ವಸಡಿಗೆ ಸೂಜಿ ಚುಚ್ಚಿಸಿಕೊಳ್ಳಲು ಒಂದು ಕ್ಷಣವೂ ಯೋಚಿಸದ ಗಂಡಸರು ಹೆಂಡತಿಯ ಬೇನೆಗೆ ಮಾತ್ರ ಫತ್ವಾ ಕೇಳುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ಈಗ ಮದ್ದಿನ ವಿಚಾರ. ನಾವು ವೈದ್ಯರಲ್ಲ, ವೈದ್ಯರಲ್ಲಿ ಏನನ್ನು ಕೇಳಬೇಕೆಂಬುದು ತಿಳಿದಿರಲಿ ಎಂದಷ್ಟೇ ಬರೆಯುತ್ತಿದ್ದೇವೆ. ಹೆಚ್ಚು ಪರಿಣಾಮಕಾರಿಯಾದುದು ಎಪಿಡ್ಯೂರಲ್. ಅರಿವಳಿಕೆ ತಜ್ಞರು ಸೊಂಟದ ಬಳಿ ಬೆನ್ನುಮೂಳೆಗಳ ನಡುವಿನಿಂದ ತೀರ ಸಪೂರವಾದ ಕೊಳವೆಯನ್ನು ಇಳಿಸಿ, ಅದರ ಮೂಲಕ ಮದ್ದನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತಾರೆ. ಸುಮಾರು ಇಪ್ಪತ್ತು ನಿಮಿಷದಲ್ಲಿ ನೋವು ಇಳಿಯುತ್ತದೆ. ತಾಯಿಗೆ ಪೂರ್ತಿ ಎಚ್ಚರವಿರುತ್ತದೆ, ದ್ಸಿಕ್ರ್ ಮಾಡಬಹುದು, ಹುಟ್ಟಿದ ಕೂಡಲೇ ಮಗುವಿನ ಮುಖ ನೋಡಬಹುದು. ಇದರಿಂದ ರಕ್ತದೊತ್ತಡ ಇಳಿಯಬಹುದು, ಕಾಲು ಭಾರವಾಗಬಹುದು, ಮುಕ್ಕುವ ಹಂತ ಕೊಂಚ ಉದ್ದವಾಗಬಹುದು. ಸುಮಾರು ನೂರರಲ್ಲಿ ಒಬ್ಬರಿಗೆ ನಂತರ ಕೆಲವು ದಿನ ತೀವ್ರ ತಲೆನೋವು ಬರುವುದುಂಟು. ಆದುದರಿಂದಲೇ ತಜ್ಞರು ಹತ್ತಿರವಿದ್ದು ನೋಡಿಕೊಳ್ಳಬೇಕು. ‘ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಜೀವಮಾನವಿಡೀ ಸೊಂಟನೋವು’ ಎಂಬ ಮಾತು ಊರೂರಲ್ಲೂ ಇದೆ; ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಕಂಡುಬಂದಿಲ್ಲ. ಎಪಿಡ್ಯೂರಲ್ ಪಡೆದರೆ ಸಿಸೇರಿಯನ್ ಆಗಿಯೇ ತೀರುತ್ತದೆ ಎಂಬುದೂ ಹಾಗೆಯೇ.

ಪೆಥಿಡಿನ್, ಟ್ರಮಡಾಲ್‌ನಂಥ ಚುಚ್ಚುಮದ್ದುಗಳಿವೆ. ಇವುಗಳಿಂದ ತಾಯಿಗೆ ಮಂಪರು, ವಾಕರಿಕೆ ಬರಬಹುದು. ಹೆರಿಗೆಗೆ ತೀರ ಹತ್ತಿರದಲ್ಲಿ ಕೊಟ್ಟರೆ ಮಗುವಿನ ಉಸಿರಾಟ ಮಂದವಾಗಬಹುದು. ಎರಡನೆಯ ಹೆರಿಗೆ ಬೇಗ ಆಗುವುದರಿಂದ ಹೊತ್ತಿನ ಲೆಕ್ಕ ಇಲ್ಲಿ ಮುಖ್ಯ. ಮಂಪರು ಬರುವ ಮದ್ದು ಹಲಾಲೇ ಎಂದು ಕೇಳುವವರಿಗೆ, ಚಿಕಿತ್ಸೆಗಾಗಿ ವೈದ್ಯರು ಕೊಡುವ ಅರಿವಳಿಕೆಯನ್ನು ಉಲಮಾಗಳು ಅನುಮತಿಸಿದ್ದಾರೆ ಎಂಬುದೇ ಉತ್ತರ. ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕವನ್ನು ಸಮಸಮ ಬೆರೆಸಿದ ಅನಿಲವನ್ನು ತಾಯಿಯೇ ಮುಖವಾಡ ಹಿಡಿದು ಸೇದುವ ಏರ್ಪಾಡೂ ಕೆಲವೆಡೆ ಇದೆ. ಇವೇನೂ ಸಿಗದ ಕಡೆಯಲ್ಲೂ ಬಿಸಿನೀರಿನ ಶಾಖ, ಬೆನ್ನು ನೀವುವುದು, ಓಡಾಡಲು ಬಿಡುವುದು, ಪಕ್ಕದಲ್ಲಿ ತನ್ನವರೊಬ್ಬರು ಇರುವುದು ಸಾಧ್ಯ. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಶಿಫಾರಸುಗಳಲ್ಲಿ ಕೇಳಿದ ತಾಯಿಗೆ ಎಪಿಡ್ಯೂರಲ್ ಕೊಡುವುದನ್ನೂ, ಅವಳು ಬಯಸಿದವರನ್ನು ಜೊತೆಗಿರಲು ಬಿಡುವುದನ್ನೂ ಸೇರಿಸಿದೆ.

ನಮ್ಮ ಊರಿನ ಕಷ್ಟ ಬೇರೆ. ಹೆರಿಗೆಯ ನೋವಿಗೆಂದೇ ಹಗಲೂ ರಾತ್ರಿ ಅರಿವಳಿಕೆ ತಜ್ಞರಿರುವ ಆಸ್ಪತ್ರೆ ಹಳ್ಳಿಯ ಪಕ್ಕದಲ್ಲಿ ಇರುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ಆ ತಜ್ಞರು ಮೊದಲು ಬೇಕಾಗುವುದು ಶಸ್ತ್ರಚಿಕಿತ್ಸೆಗೆ. ಮಧುಗಿರಿಗೋ, ತುಮಕೂರಿಗೋ, ಗಡಿಯಾಚೆ ಹತ್ತಿರದಲ್ಲಿರುವ ಹಿಂದೂಪುರಕ್ಕೋ ಎಂಬುದನ್ನು ಬೇನೆ ಶುರುವಾದ ಮೇಲೆ ಅಂಗಳದಲ್ಲಿ ನಿಂತು ಚರ್ಚಿಸಿದರೆ ಆಗದು. ಎರಡನೆಯ ಹೆರಿಗೆಯಲ್ಲಿ ಅಷ್ಟು ಹೊತ್ತೂ ಸಿಗುವುದಿಲ್ಲ. ಏಳನೆಯ ತಿಂಗಳಲ್ಲೇ ವೈದ್ಯರ ಮುಂದೆ ಕುಳಿತು ನೇರವಾಗಿ ಕೇಳಬೇಕು: ನಿಮ್ಮಲ್ಲಿ ನೋವಿಗೆ ಏನು ಸಿಗುತ್ತದೆ, ರಾತ್ರಿ ಸಿಗುತ್ತದೆಯೇ, ಖರ್ಚೆಷ್ಟು, ಎಷ್ಟು ಬೇಗ ಬರಬೇಕು. ಮೊದಲನೆಯದು ಸಿಸೇರಿಯನ್ ಆಗಿದ್ದರೆ, ಹೊಲಿಗೆಯ ಗಾಯದ ಕಾರಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯೇ ಬೇಕು. ಅಲ್ಲಿಯೂ ಸಹಜ ಹೆರಿಗೆಗೆ ಪ್ರಯತ್ನಿಸುವವಳಿಗೆ ಎಪಿಡ್ಯೂರಲ್ ನಿಷಿದ್ಧವಲ್ಲ. ಮೊದಲ ಹೆರಿಗೆಯ ಕಾಗದಗಳನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಂಡಿರಬೇಕು.

ಅರಿವಳಿಕೆ ತಜ್ಞರು ಪುರುಷರಾದರೆ ಪರ್ದಾ ಏನಾಯಿತು ಎಂದು ಹಿರಿಯರು ಕೇಳುವುದು ಸಹಜ. ವೈದ್ಯೆ ಸಿಗುವುದಾದರೆ ಅವರಿಗೇ ಆದ್ಯತೆ. ಸಿಗದಿದ್ದರೆ ಅಗತ್ಯವಿರುವಷ್ಟು ಭಾಗವನ್ನು ಮಾತ್ರ ತೆರೆದು, ದಾದಿ ಜೊತೆಗಿದ್ದು ಚಿಕಿತ್ಸೆ ಪಡೆಯಲು ಅವಕಾಶವಿದೆ. ಇದನ್ನೂ ಮೊದಲೇ ಹೇಳಿಟ್ಟರೆ ಆಸ್ಪತ್ರೆಯವರು ಹೊಂದಿಸಿಕೊಡುತ್ತಾರೆ.

ಖರ್ಚು ಯಾರದೆಂಬ ಪ್ರಶ್ನೆಯೂ ಮೆಲ್ಲಗೆ ತಲೆಯೆತ್ತುತ್ತದೆ; ತವರಿನವರೇ ಕೊಡಲಿ ಎಂದು ಕಾಯುವ ಗಂಡಂದಿರಿದ್ದಾರೆ. ವಿಚ್ಛೇದಿತೆಯೇ ಆದರೂ ಗರ್ಭಿಣಿಯಾಗಿದ್ದರೆ ಹೆರುವತನಕ ಅವಳಿಗಾಗಿ ಖರ್ಚು ಮಾಡಬೇಕೆಂದು ಅತ್ತಲಾಕ್ ಅಧ್ಯಾಯ ಆಜ್ಞಾಪಿಸುತ್ತದೆ. ಮನೆಯಲ್ಲೇ ಇರುವ ಹೆಂಡತಿಯ ಪಾಲಿಗೆ ಇದಕ್ಕಿಂತ ಕಡಿಮೆ ಹೇಗಾದೀತು? ಖಲೀಫ ಉಮರ್(ರ) ಒಂದು ರಾತ್ರಿ ಊರ ಹೊರಗೆ ಡೇರೆಯೊಂದರಿಂದ ಬೇನೆಯ ದನಿ ಕೇಳಿ, ಮನೆಗೆ ಹೋಗಿ ಮಡದಿ ಉಮ್ಮು ಕುಲ್ಸೂಮ್(ರ)ರನ್ನು ಕರೆತಂದು ಒಳಗೆ ಕಳಿಸಿ, ತಾವು ಹೊರಗೆ ಒಲೆ ಊದುತ್ತ ಅಡುಗೆ ಮಾಡಿದ್ದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಹೆರುವವಳು ಅವರಿಗೆ ಪರಿಚಿತಳೂ ಅಲ್ಲ.

ಮದ್ದು ಬೇಡವೆನ್ನುವ ಹೆಣ್ಣೂ ಇದ್ದಾಳೆ. ಮೊದಲನೆಯದನ್ನು ಹಾಗೆಯೇ ಹೆತ್ತೆ, ಇದನ್ನೂ ಹೆರುತ್ತೇನೆ ಎನ್ನುವವಳನ್ನು ಯಾರೂ ಬಲವಂತ ಮಾಡಬೇಕಿಲ್ಲ; ನಡುವೆ ಮನಸ್ಸು ಬದಲಾದರೆ ಹಂಗಿಸಬೇಕಿಲ್ಲ. ಎರಡು ದಾರಿಗಳಿದ್ದಾಗ, ಪಾಪವಲ್ಲದಿದ್ದರೆ, ಪ್ರವಾದಿ(ಸ) ಸುಲಭವಾದುದನ್ನೇ ಆರಿಸುತ್ತಿದ್ದರೆಂದು ಆಯಿಷಾ(ರ) ಹೇಳಿದ್ದಾರೆ. ಹೆರಿಗೆಯಲ್ಲಿ ಯಾವುದು ಸುಲಭವೆಂದು ಹೇಳಬಲ್ಲವಳು ಹೆರುವವಳೇ.

ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆ ದಿನ ಹೆಂಡತಿಯನ್ನು ಬಸ್ ಹತ್ತಿಸಿ ಅಂಗಡಿಗೆ ಮರಳುವ ಬದಲು ಗಂಡನೂ ಜೊತೆಗೆ ಹೋಗಲಿ. ಅವಳು ಕೇಳಲು ನಾಚುವ ಪ್ರಶ್ನೆಯನ್ನು, ಅವಳ ಒಪ್ಪಿಗೆ ಪಡೆದು, ಅವನು ಕೇಳಲಿ. ದೊಡ್ಡ ಮಗುವನ್ನು ಆ ಹೊತ್ತು ಅಜ್ಜಿ ನೋಡಿಕೊಳ್ಳುತ್ತಾರೆ.