ಪಟ್ಟಿ ಚಿಕ್ಕದಾದರೆ ನಾಚಿಕೆಯೇಕೆ?

ನಮ್ಮ ಜೀವಶಾಸ್ತ್ರ ಲ್ಯಾಬಿನ ಬಾಗಿಲ ಪಕ್ಕ ಒಂದು ಬೋರ್ಡ್ ಇದೆ: ‘ನಮ್ಮ ಕ್ಯಾಂಪಸ್‌ನಲ್ಲಿ 143 ಬಗೆಯ ಹಕ್ಕಿಗಳು’. ಹೊಸದಾಗಿ ಸೇರಿದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಸಂಖ್ಯೆ ಸರಿಯಲ್ಲ. ಅದನ್ನು ಉಬ್ಬಿಸಿದವರಲ್ಲಿ ನಾನೂ ಒಬ್ಬಳು.

ಕಳೆದ ರಜೆಯಲ್ಲಿ ನೇಚರ್ ಕ್ಲಬ್ಬಿನ ಕಂಪ್ಯೂಟರಿನಲ್ಲಿರುವ ಹಕ್ಕಿಗಳ ಪಟ್ಟಿಯನ್ನು ಸರಿಪಡಿಸಲು ಮೇಡಂ ನಮ್ಮ ಮೂವರಿಗೆ ಹೇಳಿದರು. ಹಕ್ಕಿ ಕಂಡಾಗ ಆ ಪಟ್ಟಿಯಿಂದ ಹೆಸರು ಆರಿಸಿ ದಾಖಲಿಸಬೇಕು. ಹೆಸರು ಸಿಗದಿದ್ದರೆ ಯಾರು ಬೇಕಾದರೂ ಹೊಸದನ್ನು ಸೇರಿಸಬಹುದಿತ್ತು. ಗೊಂದಲ ಶುರುವಾದದ್ದು ಅಲ್ಲೇ. ಒಬ್ಬರು ಕೆಂಬೂತ ಎಂದು ಬರೆದಿದ್ದರು, ಇನ್ನೊಬ್ಬರು ರತ್ನಪಕ್ಷಿ, ಮತ್ತೊಬ್ಬರು ಗ್ರೇಟರ್ ಕೌಕಲ್, ಹಳೆಯ ಪುಸ್ತಕ ನೋಡಿದವರು ಕ್ರೋ ಫೆಸೆಂಟ್. ಹಕ್ಕಿ ಒಂದೇ, ಲೆಕ್ಕದಲ್ಲಿ ನಾಲ್ಕು! ಇನ್ನೊಂದೆಡೆ ‘ಕಾಗೆ’ ಎಂಬ ಒಂದೇ ಸಾಲಿನಲ್ಲಿ ಊರುಕಾಗೆಯೂ ಕಾಡುಕಾಗೆಯೂ ಬೆರೆತುಹೋಗಿದ್ದವು.

ನನ್ನ ತಪ್ಪು ಇನ್ನೂ ದೊಡ್ಡದು. ಫಸ್ಟ್ ಪಿಯುಸಿಯಲ್ಲಿದ್ದಾಗ ಮೊಬೈಲ್ ಆ್ಯಪ್ ಒಂದಕ್ಕೆ ಮರದ ಮೇಲಿನ ಚಿಲಿಪಿಲಿ ಕೇಳಿಸಿದೆ. ನಾನಿರುವ ಜಾಗ ಯಾವುದೆಂದು ಅದಕ್ಕೆ ತಿಳಿಸಿರಲಿಲ್ಲ. ಅದು ‘ಯುರೋಪಿಯನ್ ರಾಬಿನ್’ ಎಂದಿತು, ನಾನು ಖುಷಿಯಿಂದ ಸೇರಿಸಿಬಿಟ್ಟೆ. ಈಗ ಆ ರೆಕಾರ್ಡಿಂಗ್ ಮತ್ತೆ ಕೇಳಿದರೆ, ಅದು ಅಳಿಲು! ಬರ್ಡ್‌ನೆಟ್‌ನಂಥ ತಂತ್ರಾಂಶ 6000ಕ್ಕೂ ಹೆಚ್ಚು ಪ್ರಭೇದಗಳ ದನಿ ಗುರುತಿಸಬಲ್ಲದು. ಸ್ಥಳ ಮತ್ತು ವರ್ಷದ ಯಾವ ವಾರ ಎಂದು ತಿಳಿಸಿದರೆ, ಅಲ್ಲಿ ಆಗ ಇರಬಹುದಾದ ಹಕ್ಕಿಗಳಿಗಷ್ಟೇ ಪಟ್ಟಿಯನ್ನು ಇಳಿಸಿಕೊಳ್ಳುತ್ತದೆ. ಆ ಒಂದು ನಿಮಿಷದ ಕೆಲಸವನ್ನು ನಾವೇ ಮಾಡುವುದಿಲ್ಲ.

ಹಾಗಾದರೆ ಒಂದೇ ಸಲ ಕಂಡ ಹೆಸರುಗಳನ್ನೆಲ್ಲ ಅಳಿಸಿಬಿಡೋಣ ಎಂದುಕೊಂಡೆವು. ಹಾಗೆ ಅಳಿಸಲು ಹೊರಟವುಗಳಲ್ಲಿ ‘ನವರಂಗ’ವೂ ಇತ್ತು. ಅದನ್ನು ದಾಖಲಿಸಿದ್ದು ವಾಚ್‌ಮನ್ ಕಾಕ ಹೇಳಿದ್ದನ್ನು ಕೇಳಿ. ಅವರನ್ನು ವಿಚಾರಿಸಿದಾಗ ಮೊಬೈಲ್ ತೆಗೆದು ಫೋಟೋ ತೋರಿಸಿದರು. ಲೈಬ್ರರಿಯ ಗಾಜಿಗೆ ಬಡಿದು ಬಿದ್ದಿದ್ದ ಹಕ್ಕಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಚೇತರಿಸಿಕೊಂಡ ಮೇಲೆ ಅವರೇ ಬಿಟ್ಟಿದ್ದರು. ನವರಂಗ ಚಳಿಗಾಲಕ್ಕೆ ಉತ್ತರದಿಂದ ದಕ್ಷಿಣಕ್ಕೆ ರಾತ್ರಿ ಹಾರಿಬರುವ ವಲಸೆ ಹಕ್ಕಿ. ಅಪರೂಪಕ್ಕೆ ಕಾಣುವುದೇ ಅದರ ಸಹಜ. ನಾವು ಅಳಿಸಿದ್ದರೆ ನಮ್ಮ ಗಾಜು ಹಕ್ಕಿಗಳಿಗೆ ಅಪಾಯ ಎಂಬ ಸಾಕ್ಷಿಯೂ ಅಳಿಸಿಹೋಗುತ್ತಿತ್ತು.

ಅಂದಿನಿಂದ ನಾವು ಯಾವ ಹೆಸರನ್ನೂ ಅಳಿಸಲಿಲ್ಲ. ಒಂದೇ ಹಕ್ಕಿಯ ಹಲವು ಹೆಸರುಗಳನ್ನು ಒಂದು ಸಾಲಿಗೆ ತಂದೆವು, ಆದರೆ ಬರೆದವರ ಮೂಲ ಹೆಸರನ್ನು ಪಕ್ಕದಲ್ಲೇ ಉಳಿಸಿದೆವು. ಫೋಟೋ, ದನಿ ಅಥವಾ ಸರಿಯಾದ ವಿವರಣೆ ಇಲ್ಲದ್ದನ್ನು ‘ಖಚಿತವಿಲ್ಲ’ ಎಂಬ ಬೇರೆ ಪಟ್ಟಿಗೆ ಹಾಕಿದೆವು. ಹಳೆಯ ‘ಕಾಗೆ’ಗಳು ‘ಕಾಗೆ, ಯಾವುದೆಂದು ತಿಳಿಯದು’ ಎಂದಾದವು. 2002ರಲ್ಲಿ ಆರಂಭವಾದ ಇ-ಬರ್ಡ್‌ನಲ್ಲೂ ಹೀಗೆ ಬರೆಯಲು ಅವಕಾಶವಿದೆ. ಅಪರೂಪದ ಹಕ್ಕಿ ನಮೂದಿಸಿದರೆ ಅಲ್ಲಿ ವಿವರ ಕೇಳುತ್ತಾರೆ. ಅದು ಅವಮಾನವಲ್ಲ, ವಿಜ್ಞಾನದ ರೀತಿಯೇ ಅದು.

ಕೊನೆಗೆ ಉಳಿದದ್ದು 68.

“ಇಷ್ಟೇನಾ? ಕಾಲೇಜಿನ ಹೆಸರು ಏನಾಗಬೇಡ?” ಎಂದು ಕೆಲವರು ಬೇಸರಪಟ್ಟರು. ನನ್ನ ಅಭಿಪ್ರಾಯ ಬೇರೆ. ಮುಂದೊಂದು ದಿನ ಹಿಂಬದಿಯ ಮರಗಳನ್ನು ಕಡಿಯುವ ಮಾತು ಬಂದರೆ, ಹಕ್ಕಿಗಳ ಪರವಾಗಿ ಮಾತಾಡಲು ನಮ್ಮಲ್ಲಿರುವುದು ಈ ಪಟ್ಟಿ ಮಾತ್ರ. ಅದರಲ್ಲಿ ಒಂದು ಯುರೋಪಿಯನ್ ರಾಬಿನ್ ಸಿಕ್ಕರೆ ಸಾಕು, ಉಳಿದ 68ನ್ನೂ ಯಾರೂ ನಂಬುವುದಿಲ್ಲ.

ಆದ್ದರಿಂದ ಪ್ರಿನ್ಸಿಪಾಲ್ ಸರ್ ಅವರಲ್ಲಿ ನನ್ನ ವಿನಂತಿ: ಹೊಸ ಪ್ರಾಸ್ಪೆಕ್ಟಸ್ ಅಚ್ಚಾಗುವ ಮೊದಲು ಆ ಬೋರ್ಡ್ ಬದಲಾಗಲಿ, ಲೈಬ್ರರಿಯ ಗಾಜಿನ ಮೇಲೆ ಹಕ್ಕಿಗಳಿಗೆ ಕಾಣುವಂತೆ ಒತ್ತೊತ್ತಾಗಿ ಬಿಳಿ ಪಟ್ಟಿಗಳನ್ನು ಅಂಟಿಸೋಣ. ಗೆಳೆಯ ಗೆಳತಿಯರೇ, ನಾಳೆ ಹಕ್ಕಿ ಕಂಡು ಹೆಸರು ಹೊಳೆಯದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆಯಿರಿ. ಬೋರ್ಡಿನ ಮೇಲೆ 68 ಎಂದು ನಾನೇ ಬರೆಯುತ್ತೇನೆ.