ತಂಪು ಬಿಟ್ಟು ಸೆಕೆಗೆ ಹೋಗುವವರು

"ಬೆಂಗಳೂರಿನ ಹವೆಯನ್ನು ಬಿಟ್ಟು ಆ ಬಿಸಿಲಿನ ಊರಿಗೆ ಯಾರಾದರೂ ಹೋಗುತ್ತಾರೆಯೇ?" ಎಂಬ ಪ್ರಶ್ನೆಯನ್ನು ಈಚೆಗೆ ಮದುವೆಮನೆಗಳಲ್ಲಿ ಮೇಲಿಂದ ಮೇಲೆ ಕೇಳುತ್ತಿದ್ದೇನೆ. ನನ್ನ ಜೊತೆಗೆ ನಿವೃತ್ತರಾದ ಶಿಕ್ಷಕರಲ್ಲಿ ಇಬ್ಬರು ದಾವಣಗೆರೆಗೆ, ಒಬ್ಬರು ಬಳ್ಳಾರಿಗೆ ಹೋಗಿ ನೆಲೆಸಿದ್ದಾರೆ. ಅವರನ್ನು ಕುರಿತು ಕನಿಕರದಿಂದ ಮಾತನಾಡುವವರೇ ಹೆಚ್ಚು. ಆ ಕನಿಕರ ಅನಾವಶ್ಯಕವೆಂದೂ, ಕನಿಕರಕ್ಕೆ ಪಾತ್ರರಾದವರು ಬೇರೆಯೇ ಇದ್ದಾರೆಂದೂ ನನ್ನ ಅಭಿಪ್ರಾಯ.

ಹವೆಯನ್ನು ಅರಸಿ ವಲಸೆ ಬಂದವರಿಂದಲೇ ಬೆಳೆದ ಊರು ನಮ್ಮದು. 1809ರಲ್ಲಿ ಬ್ರಿಟಿಷರು ತಮ್ಮ ದಂಡನ್ನು ಶ್ರೀರಂಗಪಟ್ಟಣದಿಂದ ಇಲ್ಲಿಗೆ ತಂದದ್ದಕ್ಕೆ ಇಲ್ಲಿಯ ತಂಪೂ ಒಂದು ಕಾರಣ. ಇಂದು ಗಾಜಿನ ಕಟ್ಟಡಗಳಿಂದ ತುಂಬಿರುವ ವೈಟ್‌ಫೀಲ್ಡ್, ಚಾಮರಾಜ ಒಡೆಯರು 1882ರ ಸುಮಾರಿನಲ್ಲಿ ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ ಭೂಮಿಯಲ್ಲಿ ಹುಟ್ಟಿದ ಬೇಸಾಯದ ಹಳ್ಳಿ. ಆಮೇಲೆ ಈ ಊರಿಗೆ 'ಪಿಂಚಣಿದಾರರ ಸ್ವರ್ಗ' ಎಂಬ ಹೆಸರು ಬಂದಿತು. ತಂಪು ಮತ್ತು ಅಗ್ಗ, ಎರಡೂ ಒಂದೆಡೆ ದೊರೆಯುತ್ತಿದ್ದುದರಿಂದ ಆ ಹೆಸರು ಸಾರ್ಥಕವಾಗಿತ್ತು. ಅಗ್ಗವೆಂಬುದು ಹೋಗಿ ಬಹಳ ಕಾಲವಾಯಿತು. ತಂಪಿನ ಮಾತೂ ಹಾಗೆಯೇ ಆಗುತ್ತಿದೆ: 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾದುದನ್ನು ನೀವು ಮರೆತಿರಲಾರಿರಿ.

ಅಮೆರಿಕದಲ್ಲಿ ನಿವೃತ್ತರು ಹಿಮ ಬೀಳುವ ಊರುಗಳನ್ನು ಬಿಟ್ಟು ಫ್ಲಾರಿಡಾಕ್ಕೆ ಹೋಗುತ್ತಾರೆಂದು ಅಲ್ಲಿರುವ ನಮ್ಮ ಬಂಧುಗಳು ಹೇಳುವುದುಂಟು. ಅವರಿಗೆ ಬಿಸಿಲೇ ಆಕರ್ಷಣೆ. ನಮ್ಮವರಿಗೆ ಬಿಸಿಲು ತೆರಬೇಕಾದ ಬೆಲೆ. (ಭೂಗೋಳದ ಪಾಠ ನೆನಪಿರುವ ಶಿಷ್ಯರಿಗೆ: ಸಾವಿರ ಮೀಟರು ಎತ್ತರಕ್ಕೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಬೆಂಗಳೂರು 900 ಮೀಟರಿಗೂ ಮೇಲಿದೆ, ದಾವಣಗೆರೆ 600ರ ಆಸುಪಾಸಿನಲ್ಲಿದೆ. ಉಳಿದುದನ್ನು ನೀವೇ ಲೆಕ್ಕ ಹಾಕಿರಿ.)

ಹಾಗಾದರೆ ಹೋಗುವುದೇಕೆ? ಸರ್ಕಾರಿ ನೌಕರನಿಗೆ ಸೇವೆಯಲ್ಲಿರುವಾಗ ಊರಿನ ದರ್ಜೆಗೆ ತಕ್ಕಂತೆ ಮನೆ ಬಾಡಿಗೆ ಭತ್ಯೆ ಇರುತ್ತದೆ. ಪಿಂಚಣಿಯಲ್ಲಿ ಅದಿಲ್ಲ. ಪಿಂಚಣಿಗೆ ದಾಸರಹಳ್ಳಿಯೂ ಒಂದೇ, ದಾವಣಗೆರೆಯೂ ಒಂದೇ. ತರಕಾರಿಯವನಿಗೂ ಮನೆಯೊಡೆಯನಿಗೂ ಮಾತ್ರ ಒಂದೇ ಅಲ್ಲ. ಇಲ್ಲಿಯ ಮೂವತ್ತು ನಲವತ್ತರ ಸೈಟನ್ನು ಮಾರಿದವರು ಅಲ್ಲಿ ಮನೆ ಕಟ್ಟಿಸಿ, ಉಳಿದುದನ್ನು ಬ್ಯಾಂಕಿನಲ್ಲಿಟ್ಟು ನೆಮ್ಮದಿಯಾಗಿದ್ದಾರೆ. ಇದು ವಿವೇಕದ ನಡೆ. ದಾವಣಗೆರೆಗೆ ಹೋದವರಲ್ಲಿ ಒಬ್ಬರಂತೂ ಡಿಸೆಂಬರಿನ ಚಳಿಗೆ ಹಿಡಿದುಕೊಳ್ಳುತ್ತಿದ್ದ ಮಂಡಿ ಈಗ ಸಡಿಲವಾಗಿದೆ ಎಂದು ಫೋನಿನಲ್ಲಿ ಹಿಗ್ಗುತ್ತಾರೆ.

ಆದರೆ ಪೀಣ್ಯದಿಂದ ಹೊರಡುವವರೆಲ್ಲ ಹೀಗೆ ಲೆಕ್ಕ ಹಾಕಿ ಹೊರಟವರಲ್ಲ. ನಾನು ಬಿ.ಎಡ್. ಮುಗಿಸಿ ಮೊತ್ತಮೊದಲು ಪಾಠ ಮಾಡಿದ ತರಗತಿಯ ಹುಡುಗನೊಬ್ಬ ಕಳೆದ ವರ್ಷ ಮನೆಗೆ ಬಂದಿದ್ದ. ಹುಡುಗನೆಂದರೆ, ಈಗ ಅವನಿಗೆ ಐವತ್ತೆಂಟು ತುಂಬಿದೆ. ಪೀಣ್ಯದ ಕೈಗಾರಿಕಾ ವಸಾಹತು ತಲೆಯೆತ್ತಿದ 1970ರ ದಶಕದ ಕೊನೆಯಲ್ಲಿ ಅವನ ತಂದೆ ಹಿರಿಯೂರಿನ ಕಡೆಯಿಂದ ಕೂಲಿಗೆ ಬಂದವರು. ಇವನು ಮೂವತ್ತು ವರ್ಷಕ್ಕೂ ಮೇಲೆ ಲೇತ್ ಮೆಷಿನ್ನಿನ ಮುಂದೆ ನಿಂತವನು. ನಿವೃತ್ತಿಯಾದಾಗ ಕೈಗೆ ಬಂದ ಪಿ.ಎಫ್. ಪಿಂಚಣಿ ಐದು ಸಾವಿರವನ್ನೂ ಮುಟ್ಟಲಿಲ್ಲ. ಮನೆ ಬಾಡಿಗೆ ಹನ್ನೊಂದು ಸಾವಿರ, ಬೇಸಿಗೆಯಲ್ಲಿ ಟ್ಯಾಂಕರಿನ ನೀರಿನ ಖರ್ಚು ಬೇರೆ. ತಂದೆ ಬಿಟ್ಟುಬಂದಿದ್ದ ಹಳ್ಳಿಯ ಮನೆಗೆ ಶೀಟು ಹಾಕಿಸಿಕೊಂಡು ಹೊರಟಿದ್ದ. "ಅಲ್ಲಿ ಬಿಸಿಲು ಜಾಸ್ತಿ ಸಾರ್, ಆದ್ರೆ ಬಿಸಿಲಿಗೆ ಬಾಡಿಗೆ ಕೊಡಂಗಿಲ್ಲವಲ್ಲ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಈ ಪಿಂಚಣಿಯ ಸೂತ್ರ ತಿಳಿದರೆ ನಿಮಗೂ ನಗು ಬಾರದು. ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರಲ್ಲಿ ಆ ಸಂಬಳದ ಮಿತಿಯನ್ನು 15,000 ರೂಪಾಯಿಗೆ ಏರಿಸಿದರು. ಮೂವತ್ತೈದು ವರ್ಷ ಪೂರ್ತಿ ಅದೇ ಮಿತಿಯಲ್ಲಿ ಹಿಡಿದರೂ ತಿಂಗಳಿಗೆ ಬರುವುದು 7,500. ಅದೇ ವರ್ಷ ನಿಗದಿಯಾದ ಕನಿಷ್ಠ ಪಿಂಚಣಿ 1,000 ರೂಪಾಯಿ.

ಜಾಲಹಳ್ಳಿಯ ಬಿ.ಇ.ಎಲ್., ಎಚ್.ಎಂ.ಟಿ. ಕಾರ್ಖಾನೆಗಳು ಕಟ್ಟಿದ ಕಾಲೊನಿಗಳನ್ನು ನೀವೆಲ್ಲ ನೋಡಿದ್ದೀರಿ. ಪೀಣ್ಯದ ಸಣ್ಣ ವರ್ಕ್‌ಶಾಪಿನ ಮಾಲೀಕರಿಂದ ಅಂಥದ್ದನ್ನು ನಿರೀಕ್ಷಿಸಲಾಗದು, ಅವರ ಕಷ್ಟ ಅವರಿಗೆ. ಆದರೆ ಯಂತ್ರಗಳಿಗೆ ಶೆಡ್ಡು ಹಂಚಿದ ಸರ್ಕಾರ, ಆ ಯಂತ್ರ ನಡೆಸುವವನು ಮುದುಕನಾದ ಮೇಲೆ ಎಲ್ಲಿರಬೇಕೆಂದು ಯೋಚಿಸಬೇಕಿತ್ತು. ಕಡಿಮೆ ಬಾಡಿಗೆಯ ಸರ್ಕಾರಿ ಮನೆಗಳು ಕಾರ್ಖಾನೆಗಳ ಮಗ್ಗುಲಲ್ಲೇ ಇರಬೇಕಿತ್ತು. ಪೀಣ್ಯಕ್ಕೆ 2014ರಲ್ಲೇ ಮೆಟ್ರೋ ಬಂದಿತು, ಸಂತೋಷ. ಅದು ಬಂದ ಮೇಲೆ ನಮ್ಮ ಬೀದಿಯ ಬಾಡಿಗೆಗಳು ಏರಿದ್ದನ್ನೂ ಕಂಡಿದ್ದೇನೆ. ಊರಿಗೆ ಹಿಂತಿರುಗುವುದು ಬೇರೆ, ಊರಿಂದ ಹೊರದೂಡಲ್ಪಡುವುದು ಬೇರೆ. ಎರಡಕ್ಕೂ ಹತ್ತುವುದು ಅದೇ ತುಮಕೂರು ರಸ್ತೆಯ ಬಸ್ಸನ್ನಾದ್ದರಿಂದ ನೋಡುವವರಿಗೆ ಭೇದ ತಿಳಿಯುವುದಿಲ್ಲ, ಅಷ್ಟೆ.

ನಾವೂ ಹೋಗಬಹುದೇ ಎಂದು ಕೆಲವು ಶಿಷ್ಯರು ನನ್ನನ್ನು ಕೇಳಿದ್ದಾರೆ. ಬಾಡಿಗೆಗಿಂತ ಮೊದಲು ಆಸ್ಪತ್ರೆಯ ದೂರವನ್ನು ವಿಚಾರಿಸಿರಿ. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ. ಹಿರಿಯೂರಿನ ಹಳ್ಳಿಯಿಂದ ಅಲ್ಲಿಗೆ ನೂರು ಕಿಲೋಮೀಟರು. ಎದೆನೋವು ಬಂದ ರಾತ್ರಿಯಲ್ಲಿ ಅದು ಬಹಳ ಉದ್ದದ ದಾರಿ. ನೀರಿನ ವಿಷಯದಲ್ಲಿ ಮಾತ್ರ ಬೆಂಗಳೂರಿನವರು ಯಾರಿಗೂ ಉಪದೇಶ ಮಾಡುವಂತಿಲ್ಲ. 2024ರ ಬೇಸಿಗೆಯಲ್ಲಿ ಹೊರವಲಯದ ಕೊಳವೆಬಾವಿಗಳು ಬತ್ತಿ ಬಿಂದಿಗೆ ಹಿಡಿದು ನಿಂತವರು ನಾವು. ಹಿರಿಯೂರಿನ ವಾಣಿವಿಲಾಸ ಸಾಗರವೋ 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಿತ್ತು.

ನಮ್ಮ ಮನೆಯಲ್ಲಿಯೂ ಈ ಚರ್ಚೆ ನಡೆದಿದೆ. ಚಿತ್ರದುರ್ಗಕ್ಕೆ ಹೋಗೋಣವೆಂಬುದು ನನ್ನ ಮಾತು. ಮೊಮ್ಮಕ್ಕಳು ವೈಟ್‌ಫೀಲ್ಡಿನಲ್ಲಿರುವಾಗ ಅಷ್ಟು ದೂರವೇಕೆ ಎಂಬುದು ನನ್ನ ಮನೆಯವರ ಮಾತು. ಪೀಣ್ಯದಿಂದ ವೈಟ್‌ಫೀಲ್ಡಿಗೆ ಹೋಗಿಬರುವುದರಲ್ಲಿಯೂ ಅರ್ಧ ದಿನ ಕಳೆಯುತ್ತದೆಂದು ನಾನು ವಾದಿಸಿದೆ. ಸದ್ಯಕ್ಕೆ ಕೋಟೆಯ ಹತ್ತಿರ ಒಂದು ಮನೆಯನ್ನು ಎರಡು ತಿಂಗಳ ಮಟ್ಟಿಗೆ ಹಿಡಿಯುವುದೆಂದು ರಾಜಿಯಾಗಿದ್ದೇವೆ. ಆ ಎರಡು ತಿಂಗಳು ಏಪ್ರಿಲ್ ಮತ್ತು ಮೇ ಆಗಿರಬೇಕೆಂಬುದು ಅವರ ಷರತ್ತು.